ವೈರಲ್ ಜ್ವರ ಬಿಟ್ಟರೂ ಸುಸ್ತು ಬಿಡುತ್ತಿಲ್ಲವೇ? ಥೈರಾಯ್ಡ್ ಮಾತ್ರೆ ಶುರು ಮಾಡುವ ಮುನ್ನ ಇಷ್ಟು ತಿಳಿದಿರಲಿ

ಜ್ವರ ಬಿಟ್ಟು ತಿಂಗಳಾಗಿರುತ್ತದೆ. ಥರ್ಮಾಮೀಟರ್ ನಾರ್ಮಲ್ ತೋರಿಸುತ್ತದೆ, ಕೆಮ್ಮೂ ನಿಂತಿರುತ್ತದೆ. ಆದರೆ ಎರಡು ಮಹಡಿ ಹತ್ತಿದರೆ ಎದೆ ಡವಡವ ಎನ್ನುತ್ತದೆ, ಮಧ್ಯಾಹ್ನವಾಗುವಷ್ಟರಲ್ಲಿ ಕಣ್ಣೆಳೆಯುತ್ತದೆ, ತಲೆ ಬಾಚಿದರೆ ಬಾಚಣಿಗೆ ತುಂಬ ಕೂದಲು. ಮನೆಯ ಹಿರಿಯರು "ಜ್ವರದ ನಿತ್ರಾಣ, ಎರಡು ವಾರ ಗಂಜಿ ಕುಡಿದು ಮಲಗಿದರೆ ಸರಿಹೋಗುತ್ತೆ" ಎನ್ನುತ್ತಾರೆ. ಆಫೀಸಿನಲ್ಲಿ ಪಕ್ಕದ ಸೀಟಿನವರು "ಥೈರಾಯ್ಡ್ ಇರಬಹುದು, ಚೆಕ್ ಮಾಡಿಸಿ" ಎನ್ನುತ್ತಾರೆ.

ಇಬ್ಬರ ಮಾತೂ ಸುಳ್ಳಲ್ಲ. ಹೆಚ್ಚಿನವರಲ್ಲಿ ವೈರಲ್ ಜ್ವರದ ನಂತರದ ಸುಸ್ತು ತಾನಾಗಿಯೇ ಇಳಿಯುತ್ತದೆ. ಕೆಲವರಲ್ಲಿ ಮಾತ್ರ ಅದೇ ವೈರಸ್ಸಿನ ಬೆನ್ನಿಗೆ ಥೈರಾಯ್ಡ್ ಗ್ರಂಥಿಯೂ ಪೆಟ್ಟು ತಿಂದಿರುತ್ತದೆ. ತೊಂದರೆ ಶುರುವಾಗುವುದು ಇವೆರಡನ್ನು ಬೇರ್ಪಡಿಸುವ ಹಂತದಲ್ಲಿ. ಒಂದೇ ಒಂದು ಟಿಎಸ್‌ಎಚ್ ರಿಪೋರ್ಟ್ ನೋಡಿ ಕೆಲವರು ತಾತ್ಕಾಲಿಕ ಏರುಪೇರಿಗೆ ವರ್ಷಗಟ್ಟಲೆ ಮಾತ್ರೆ ನುಂಗುತ್ತಾರೆ. ಇನ್ನು ಕೆಲವರು "ವೀಕ್ನೆಸ್ ಅಷ್ಟೇ" ಎಂದುಕೊಂಡು ಚಿಕಿತ್ಸೆ ಬೇಕಾದ ಕಾಯಿಲೆಯನ್ನು ತಿಂಗಳುಗಟ್ಟಲೆ ಹೊತ್ತು ತಿರುಗುತ್ತಾರೆ. ಪರೀಕ್ಷೆ ಮಾಡಿಸಬೇಕೇ ಎಂಬುದರಷ್ಟೇ ಮುಖ್ಯವಾದ ಪ್ರಶ್ನೆ, ಯಾವಾಗ ಮಾಡಿಸಬೇಕು ಮತ್ತು ಎಷ್ಟು ಸಲ ಮಾಡಿಸಬೇಕು ಎಂಬುದು.

ಥೈರಾಯ್ಡ್ ಎಂಬ ಕಣಜ

ಕುತ್ತಿಗೆಯ ಮುಂಭಾಗದಲ್ಲಿ, ಗಂಟಲಮಣಿಯ ಕೆಳಗೆ, ಚಿಟ್ಟೆಯ ಆಕಾರದಲ್ಲಿ ಅಂಟಿಕೊಂಡಿರುವ ಗ್ರಂಥಿಯೇ ಥೈರಾಯ್ಡ್. ತೂಕ ಸುಮಾರು 15ರಿಂದ 25 ಗ್ರಾಂ. ಹೃದಯ ಎಷ್ಟು ವೇಗವಾಗಿ ಬಡಿಯಬೇಕು, ಮೈ ಎಷ್ಟು ಬೆಚ್ಚಗಿರಬೇಕು, ಕರುಳು ಎಷ್ಟು ಚುರುಕಾಗಿರಬೇಕು ಎಂಬುದರ ಮೇಲೆಲ್ಲ ಇದು ತಯಾರಿಸುವ ಟಿ4 ಮತ್ತು ಟಿ3 ಹಾರ್ಮೋನುಗಳ ಹಿಡಿತವಿದೆ.

ದೇಹದ ಬೇರೆ ಬಹುತೇಕ ಹಾರ್ಮೋನ್ ಗ್ರಂಥಿಗಳಿಗಿಲ್ಲದ ಗುಣವೊಂದು ಇದಕ್ಕಿದೆ. ಸುಗ್ಗಿಯಲ್ಲಿ ಬೆಳೆದದ್ದನ್ನು ಕಣಜಕ್ಕೆ ತುಂಬಿಟ್ಟಂತೆ, ತಯಾರಾದ ಹಾರ್ಮೋನನ್ನು ಎರಡು ಮೂರು ತಿಂಗಳಿಗೆ ಸಾಕಾಗುವಷ್ಟು ಇದು ತನ್ನೊಳಗೆ ಕೂಡಿಟ್ಟುಕೊಳ್ಳುತ್ತದೆ. ಕಣಜದಿಂದ ದಿನಕ್ಕೆ ಬೇಕಾದಷ್ಟು ಮಾತ್ರ ರಕ್ತಕ್ಕೆ ಅಳೆದು ಕೊಡುತ್ತದೆ.

ಈ ಅಳತೆಯ ಮೇಲ್ವಿಚಾರಣೆ ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯದ್ದು. ರಕ್ತದಲ್ಲಿ ಥೈರಾಯ್ಡ್ ಹಾರ್ಮೋನ್ ಕಡಿಮೆಯಾದರೆ ಅದು ಟಿಎಸ್‌ಎಚ್ ಹೆಚ್ಚಿಸಿ "ಇನ್ನಷ್ಟು ಕೊಡು" ಎನ್ನುತ್ತದೆ. ಹೆಚ್ಚಾದರೆ ಟಿಎಸ್‌ಎಚ್ ತಗ್ಗಿಸಿ ಸುಮ್ಮನಾಗುತ್ತದೆ. ಹಾಗಾಗಿ ರಿಪೋರ್ಟಿನಲ್ಲಿ ಟಿಎಸ್‌ಎಚ್ ಏರಿದ್ದರೆ ಸಾಮಾನ್ಯವಾಗಿ ಥೈರಾಯ್ಡ್ ಮಂದವಾಗಿದೆ ಎಂದೂ, ಇಳಿದಿದ್ದರೆ ಹಾರ್ಮೋನ್ ಹೆಚ್ಚಾಗಿದೆ ಎಂದೂ ಅರ್ಥ. ಮೊದಲನೆಯದು ಹೈಪೋಥೈರಾಯ್ಡಿಸಂ, ಎರಡನೆಯದು ಹೈಪರ್‌ಥೈರಾಯ್ಡಿಸಂ. "ಸಾಮಾನ್ಯವಾಗಿ" ಎಂಬ ಮಾತನ್ನು ನೆನಪಿಡಿ. ಜ್ವರದ ದಿನಗಳಲ್ಲಿ ಈ ಲೆಕ್ಕ ತಪ್ಪುತ್ತದೆ.

ಜ್ವರದ ನಡುವೆ ಮಾಡಿಸಿದ ಟೆಸ್ಟ್ ನಂಬಬಹುದೇ?

ಯಾವುದೇ ಗಂಭೀರ ಕಾಯಿಲೆ ಬಂದಾಗ ದೇಹ ಖರ್ಚು ಕಡಿಮೆ ಮಾಡಿಕೊಳ್ಳಲು ನೋಡುತ್ತದೆ. ಟಿ4 ಹಾರ್ಮೋನನ್ನು ಹೆಚ್ಚು ಚುರುಕಾದ ಟಿ3 ಆಗಿ ಬದಲಿಸುವ ಕೆಲಸ ನಿಧಾನವಾಗುತ್ತದೆ. ಟಿ3 ಇಳಿಯುತ್ತದೆ, ಕೆಲವೊಮ್ಮೆ ಟಿಎಸ್‌ಎಚ್ ಕೂಡ ಇಳಿಯುತ್ತದೆ. ಇಲ್ಲಿ ಥೈರಾಯ್ಡ್ ಗ್ರಂಥಿಗೆ ಏನೂ ಆಗಿರುವುದಿಲ್ಲ. ನ್ಯುಮೋನಿಯಾ, ತೀವ್ರ ಡೆಂಗಿ, ಕೋವಿಡ್ ಎಂದು ಆಸ್ಪತ್ರೆ ಸೇರಿದವರಲ್ಲಿ ವೈದ್ಯರು ಇದನ್ನು ಆಗಾಗ ಕಾಣುತ್ತಾರೆ.

ಚೇತರಿಕೆಯ ಹಂತದಲ್ಲಿ ಇದಕ್ಕೆ ತಿರುಗುಮುರುಗು ನಡೆಯುತ್ತದೆ. ಪಿಟ್ಯುಟರಿ ಮತ್ತೆ ಎಚ್ಚೆತ್ತುಕೊಂಡಾಗ ಟಿಎಸ್‌ಎಚ್ ಕೆಲ ದಿನ ಮಿತಿಗಿಂತ ಮೇಲಕ್ಕೆ, ಕೆಲವರಲ್ಲಿ 20ರ ಹತ್ತಿರಕ್ಕೂ ಹೋಗಿ ತಾನಾಗಿ ಕೆಳಗಿಳಿಯುತ್ತದೆ. ಸರಿಯಾಗಿ ಆ ವಾರವೇ ಹೆಲ್ತ್ ಪ್ಯಾಕೇಜಿನಲ್ಲಿ ರಕ್ತ ಕೊಟ್ಟರೆ ರಿಪೋರ್ಟಿನಲ್ಲಿ ಕೆಂಪು ಅಕ್ಷರ ಖಚಿತ. ಅದನ್ನೇ ಕಾಯಂ ಹೈಪೋಥೈರಾಯ್ಡ್ ಎಂದುಕೊಂಡರೆ ಇಲ್ಲದ ಕಾಯಿಲೆಗೆ ಮಾತ್ರೆ ಶುರುವಾಗುತ್ತದೆ.

ಹೀಗಾಗಿ, ಥೈರಾಯ್ಡ್ ತೊಂದರೆಯೇ ಇರಬಹುದೆಂಬ ಬಲವಾದ ಗುಮಾನಿ ಇಲ್ಲದಿದ್ದರೆ ಜ್ವರದ ನಡುವೆ ಈ ಪರೀಕ್ಷೆ ಬೇಡ ಎನ್ನುವುದು ವೈದ್ಯಕೀಯ ರೂಢಿ. ಪೂರ್ತಿ ಚೇತರಿಸಿಕೊಂಡು ಸುಮಾರು ಆರು ವಾರ ಕಳೆದ ಮೇಲೆ ಮಾಡಿಸಿದ ಪರೀಕ್ಷೆಗೆ ಹೆಚ್ಚು ಬೆಲೆ.

ಕುತ್ತಿಗೆ ನೋವು ಇದ್ದರೆ ಕಥೆ ಬೇರೆ

ನಿಜವಾಗಿಯೂ ವೈರಸ್ಸಿನ ಬೆನ್ನಿಗೆ ಬರುವ ಥೈರಾಯ್ಡ್ ಕಾಯಿಲೆಯ ಹೆಸರು ಸಬ್‌ಅಕ್ಯೂಟ್ ಥೈರಾಯ್ಡೈಟಿಸ್. ಅಂದರೆ ಥೈರಾಯ್ಡ್ ಗ್ರಂಥಿಯ ಉರಿಯೂತ. ಸ್ವಿಟ್ಜರ್ಲೆಂಡಿನ ಶಸ್ತ್ರವೈದ್ಯ ಫ್ರಿಟ್ಜ್ ಡಿ ಕ್ವೆರ್ವೈನ್ 1904ರಲ್ಲಿ ಇದನ್ನು ವಿವರವಾಗಿ ದಾಖಲಿಸಿದ್ದರಿಂದ ಅವರ ಹೆಸರಿನಿಂದಲೂ ಇದನ್ನು ಕರೆಯುತ್ತಾರೆ. ಮಂಗಬಾವು, ಫ್ಲೂ, ಶೀತ-ನೆಗಡಿ ತರುವ ಅಡಿನೋವೈರಸ್, ಕಾಕ್ಸಾಕಿ ವೈರಸ್ ಮುಂತಾದವುಗಳ ಸೋಂಕಿನ ಎರಡರಿಂದ ಎಂಟು ವಾರಗಳ ನಂತರ ಇದು ಕಾಣಿಸಿಕೊಳ್ಳುವುದುಂಟು. 30ರಿಂದ 50 ವರ್ಷದವರಲ್ಲಿ ಹೆಚ್ಚು. ಗಂಡಸರಿಗಿಂತ ಹೆಂಗಸರಲ್ಲಿ ಹಲವು ಪಟ್ಟು ಹೆಚ್ಚು. ಎಚ್‌ಎಲ್‌ಎ-ಬಿ35 ಎಂಬ ಅನುವಂಶೀಯ ಗುರುತು ಇರುವವರಿಗೆ ಇದು ಬರುವ ಸಾಧ್ಯತೆ ಜಾಸ್ತಿ. ಒಂದೇ ಮನೆಯಲ್ಲಿ ಎಲ್ಲರಿಗೂ ಜ್ವರ ಬಂದು, ಒಬ್ಬರಿಗೆ ಮಾತ್ರ ಹೀಗಾಗುವುದಕ್ಕೆ ಇದೂ ಒಂದು ಕಾರಣ.

ಕೋವಿಡ್ ಬಂದ ಮೇಲೆ ಈ ಕಾಯಿಲೆಗೆ ಮತ್ತೆ ಗಮನ ಬಂತು. ಕೋವಿಡ್ ಜೊತೆ ಇದರ ನಂಟನ್ನು ಮೊದಲು ವರದಿ ಮಾಡಿದವರು ಇಟಲಿಯ ಪೀಸಾ ನಗರದ ವೈದ್ಯರು, 2020ರಲ್ಲಿ. ರೋಗಿ 18 ವರ್ಷದ ಯುವತಿ. ತಂದೆಯಿಂದ ಸೋಂಕು ತಗುಲಿತ್ತು, ಲಕ್ಷಣಗಳು ತೀರಾ ಸೌಮ್ಯವಾಗಿದ್ದವು. ಪಾಸಿಟಿವ್ ಬಂದ 15 ದಿನಕ್ಕೆ ಇದ್ದಕ್ಕಿದ್ದಂತೆ ಜ್ವರ, ದವಡೆಯವರೆಗೆ ಹಬ್ಬುವ ಕುತ್ತಿಗೆ ನೋವು, ಎದೆಬಡಿತ. ಒಂದು ತಿಂಗಳ ಹಿಂದಷ್ಟೇ ಆಕೆಯ ಥೈರಾಯ್ಡ್ ಪರೀಕ್ಷೆ ಸಂಪೂರ್ಣ ನಾರ್ಮಲ್ ಆಗಿತ್ತು. ಉರಿಯೂತ ತಗ್ಗಿಸುವ ಸ್ಟೆರಾಯ್ಡ್ ಕೊಟ್ಟ ಎರಡೇ ದಿನದಲ್ಲಿ ನೋವು, ಜ್ವರ ಇಳಿದವು. 40 ದಿನಗಳಲ್ಲಿ ಥೈರಾಯ್ಡ್ ಮಟ್ಟವೂ ಸಹಜಕ್ಕೆ ಬಂತು. ಆಮೇಲೆ ಭಾರತ ಸೇರಿದಂತೆ ಹಲವು ದೇಶಗಳಿಂದ ಇಂಥ ವರದಿಗಳು ಬಂದವು.

ಈ ಕಾಯಿಲೆಯ ಗುರುತು ಏನು? ಕುತ್ತಿಗೆಯ ಮುಂಭಾಗ ಮುಟ್ಟಿದರೆ ನೋವು. ಅಂಗಿಯ ಕಾಲರ್ ತಾಗಿದರೂ, ಮಂಗಳಸೂತ್ರದ ಸರ ಒತ್ತಿದರೂ ನೋಯಬಹುದು. ನೋವು ದವಡೆಗೆ, ಕಿವಿಗೆ ಹರಡುತ್ತದೆ. ಒಂದು ಬದಿಯಲ್ಲಿ ಶುರುವಾಗಿ ಕೆಲ ದಿನಗಳಲ್ಲಿ ಇನ್ನೊಂದು ಬದಿಗೆ ಸರಿಯಬಹುದು. ಜೊತೆಗೆ ಸಣ್ಣ ಜ್ವರ, ಮೈಕೈ ನೋವು, ಎದೆಬಡಿತ, ಬೆವರು, ಕೈನಡುಕ. ಬಹಳ ಜನ ಇದನ್ನು ಗಂಟಲ ಸೋಂಕು ಎಂದುಕೊಂಡು ಆಂಟಿಬಯೋಟಿಕ್ ಕೋರ್ಸ್ ಮುಗಿಸುತ್ತಾರೆ. ಕಿವಿನೋವೆಂದು ಇಎನ್‌ಟಿ ಡಾಕ್ಟರ ಹತ್ತಿರ, ದವಡೆ ನೋವೆಂದು ಹಲ್ಲಿನ ಡಾಕ್ಟರ ಹತ್ತಿರ ಹೋಗಿ ಬರುತ್ತಾರೆ. ಆಂಟಿಬಯೋಟಿಕ್‌ಗೆ ಜಗ್ಗದ "ಗಂಟಲುಬೇನೆ", ಬಾಯಿ ತೆರೆದು ನೋಡಿದರೆ ಗಂಟಲು ಚೆನ್ನಾಗಿಯೇ ಕಾಣುತ್ತಿದೆ ಎಂದಾದರೆ, ಕುತ್ತಿಗೆಯನ್ನು ಮುಟ್ಟಿ ಪರೀಕ್ಷಿಸುವಂತೆ ವೈದ್ಯರನ್ನು ಕೇಳಬೇಕು. ಇಂಥ ನೋವಿದ್ದರೆ ಆರು ವಾರ ಕಾಯುವ ಮಾತಿಲ್ಲ, ತಕ್ಷಣವೇ ಪರೀಕ್ಷೆ ಬೇಕು.

ಒಂದೇ ಕಾಯಿಲೆ, ಮೂರು ರಿಪೋರ್ಟ್

ಈ ಕಾಯಿಲೆ ಮೂರು ಹಂತಗಳಲ್ಲಿ ಸಾಗುತ್ತದೆ. ಗೊಂದಲದ ಮೂಲವೂ ಅದೇ.

ಮೊದಲ ಹಂತದಲ್ಲಿ ಉರಿಯೂತದಿಂದ ಕಣಜದ ಗೋಡೆ ಒಡೆಯುತ್ತದೆ. ಕೂಡಿಟ್ಟಿದ್ದ ಹಾರ್ಮೋನ್ ಒಮ್ಮೆಲೇ ರಕ್ತಕ್ಕೆ ಸುರಿಯುತ್ತದೆ. ಎದೆಬಡಿತ, ನಡುಕ, ನಿದ್ರೆಗೇಡು, ತೂಕ ಇಳಿಕೆ. ಟಿಎಸ್‌ಎಚ್ ತಳ ಕಚ್ಚುತ್ತದೆ. ಇದು ಕೆಲವು ವಾರಗಳಿಂದ ಮೂರು ತಿಂಗಳವರೆಗೆ ಇರಬಹುದು.

ಎರಡನೆಯ ಹಂತದಲ್ಲಿ ಕಣಜ ಖಾಲಿ. ಗಾಯಗೊಂಡ ಗ್ರಂಥಿ ಹೊಸದಾಗಿ ಹಾರ್ಮೋನ್ ತಯಾರಿಸುವ ಸ್ಥಿತಿಯಲ್ಲಿ ಇನ್ನೂ ಇರುವುದಿಲ್ಲ. ಈಗ ಟಿಎಸ್‌ಎಚ್ ಏರುತ್ತದೆ. ಸುಸ್ತು, ಚಳಿ ತಡೆಯದಿರುವುದು, ಮಲಬದ್ಧತೆ, ಮುಖ ಊದಿದಂತಾಗುವುದು, ಹೆಂಗಸರಲ್ಲಿ ಮುಟ್ಟಿನ ಏರುಪೇರು ಕಾಣಿಸಬಹುದು. ಎಲ್ಲರಿಗೂ ಈ ಹಂತ ಬರಲೇಬೇಕೆಂದಿಲ್ಲ. ಬಂದರೆ ವಾರಗಳಿಂದ ಆರು ತಿಂಗಳವರೆಗೆ ಇರಬಹುದು.

ಮೂರನೆಯದು ಚೇತರಿಕೆ. ಹೆಚ್ಚಿನವರಲ್ಲಿ ಗ್ರಂಥಿ ವರ್ಷದೊಳಗೆ ಮೊದಲಿನಂತಾಗುತ್ತದೆ. ಸುಮಾರು ಶೇ 5ರಿಂದ 15ರಷ್ಟು ಜನರಲ್ಲಿ ಮಾತ್ರ ಹೈಪೋಥೈರಾಯ್ಡ್ ಕಾಯಂ ಆಗಿ ಉಳಿಯುತ್ತದೆ.

ಈಗ ಒಂದೇ ವ್ಯಕ್ತಿ ಜನವರಿಯಲ್ಲಿ, ಏಪ್ರಿಲ್‌ನಲ್ಲಿ, ಅಕ್ಟೋಬರ್‌ನಲ್ಲಿ ರಕ್ತ ಕೊಟ್ಟರೆಂದು ಇಟ್ಟುಕೊಳ್ಳಿ. ಮೊದಲನೆಯದರಲ್ಲಿ ಥೈರಾಯ್ಡ್ ಹೆಚ್ಚು, ಎರಡನೆಯದರಲ್ಲಿ ಕಡಿಮೆ, ಮೂರನೆಯದರಲ್ಲಿ ನಾರ್ಮಲ್. ಮೂರೂ ರಿಪೋರ್ಟ್ ಸರಿ. ಆದರೆ ಯಾವುದೋ ಒಂದನ್ನು ಮಾತ್ರ ಹಿಡಿದು ಕೂತರೆ, ಸಂತೆಯ ದಿನ ನೋಡಿ ಊರಿನ ವ್ಯಾಪಾರ ಅಳೆದಂತಾಗುತ್ತದೆ.

ಮಾತ್ರೆ ಎಲ್ಲಿ ತಪ್ಪಬಹುದು?

ಮೊದಲ ಹಂತದ ರಿಪೋರ್ಟ್ ನೋಡಿದರೆ ಅದು ಗ್ರೇವ್ಸ್ ಕಾಯಿಲೆಯಂತೆಯೇ ಕಾಣುತ್ತದೆ. ಗ್ರೇವ್ಸ್‌ನಲ್ಲಿ ರೋಗನಿರೋಧಕ ವ್ಯವಸ್ಥೆಯೇ ಗ್ರಂಥಿಯನ್ನು ಕೆಣಕಿ, ಅದು ಹಗಲೂ ಇರುಳೂ ಹಾರ್ಮೋನ್ ತಯಾರಿಸುವಂತೆ ಮಾಡುತ್ತದೆ. ಅದಕ್ಕೆ ಕಾರ್ಬಿಮಝೋಲ್, ಮೆಥಿಮಝೋಲ್‌ನಂಥ ಮಾತ್ರೆ ಸರಿಯಾದ ಮದ್ದು, ಏಕೆಂದರೆ ಅವು ಹೊಸ ತಯಾರಿಕೆಯನ್ನು ತಡೆಯುತ್ತವೆ.

ಆದರೆ ವೈರಸ್ ನಂತರದ ಉರಿಯೂತದಲ್ಲಿ ಹೊಸದಾಗಿ ಏನೂ ತಯಾರಾಗುತ್ತಿರುವುದಿಲ್ಲ. ಕಣಜ ಒಡೆದು ಕಾಳು ಚೆಲ್ಲುತ್ತಿರುವಾಗ ಹೊಲದಲ್ಲಿ ಬಿತ್ತನೆ ನಿಲ್ಲಿಸಿ ಪ್ರಯೋಜನವೇನು? ಇಲ್ಲಿ ಆ ಮಾತ್ರೆಯಿಂದ ಲಾಭವಿಲ್ಲ, ಅಡ್ಡಪರಿಣಾಮದ ಭಯ ಮಾತ್ರ ಉಳಿಯುತ್ತದೆ. ಎದೆಬಡಿತಕ್ಕೆ ಪ್ರೊಪ್ರನಲಾಲ್‌ನಂಥ ಬೀಟಾ ಬ್ಲಾಕರ್, ನೋವಿಗೆ ಉರಿಯೂತ ತಗ್ಗಿಸುವ ಮಾತ್ರೆ, ಅದಕ್ಕೂ ಬಗ್ಗದಿದ್ದರೆ ಸ್ಟೆರಾಯ್ಡ್, ಇದೇ ಇದರ ಚಿಕಿತ್ಸೆಯ ದಾರಿ. ಅಸ್ತಮಾ ಇರುವವರಿಗೆ ಪ್ರೊಪ್ರನಲಾಲ್ ಹೊಂದುವುದಿಲ್ಲ. ಸ್ಟೆರಾಯ್ಡ್ ಸಕ್ಕರೆ ಕಾಯಿಲೆ ಇರುವವರಲ್ಲಿ ಶುಗರ್ ಏರಿಸುತ್ತದೆ, ಅದನ್ನು ಏಕಾಏಕಿ ನಿಲ್ಲಿಸುವಂತೆಯೂ ಇಲ್ಲ. ಆದ್ದರಿಂದ ಇವು ಯಾವುವೂ ಮೆಡಿಕಲ್ ಶಾಪಿನಲ್ಲಿ ಕೇಳಿ ತೆಗೆದುಕೊಳ್ಳುವ ಮಾತ್ರೆಗಳಲ್ಲ.

ಇವೆರಡನ್ನು ವೈದ್ಯರು ಹೇಗೆ ಬೇರ್ಪಡಿಸುತ್ತಾರೆ? ನೋವಿರುವ ಉರಿಯೂತದಲ್ಲಿ ಇಎಸ್‌ಆರ್ ಮತ್ತು ಸಿಆರ್‌ಪಿ ಎಂಬ ರಕ್ತಪರೀಕ್ಷೆಗಳ ಅಂಕಿ ಚೆನ್ನಾಗಿ ಏರಿರುತ್ತದೆ. ಗ್ರೇವ್ಸ್‌ನಲ್ಲಿ ಟಿಎಸ್‌ಎಚ್ ರಿಸೆಪ್ಟರ್ ಪ್ರತಿಕಾಯ ಸಾಮಾನ್ಯವಾಗಿ ಪಾಸಿಟಿವ್ ಬರುತ್ತದೆ. ಇನ್ನೂ ಅನುಮಾನವಿದ್ದರೆ ಥೈರಾಯ್ಡ್ ಅಪ್‌ಟೇಕ್ ಸ್ಕ್ಯಾನ್ ಇದೆ. ದುಡಿಯುತ್ತಿರುವ ಗ್ರಂಥಿ ಸ್ಕ್ಯಾನಿನ ಔಷಧವನ್ನು ಹೀರಿಕೊಂಡು ಹೊಳೆಯುತ್ತದೆ. ಉರಿಯೂತದ ಗ್ರಂಥಿ ಹೀರಿಕೊಳ್ಳದೆ ಮಂಕಾಗಿ ಕಾಣುತ್ತದೆ. ಗರ್ಭಿಣಿಯರಿಗೆ ಈ ಸ್ಕ್ಯಾನ್ ಮಾಡುವುದಿಲ್ಲ.

ಎರಡನೆಯ ತಪ್ಪು ಎರಡನೆಯ ಹಂತದಲ್ಲಿ. ಟಿಎಸ್‌ಎಚ್ ಏರಿದ್ದಾಗ ಥೈರಾಕ್ಸಿನ್ ಮಾತ್ರೆ ಕೊಡಬೇಕಾಗಿ ಬರಬಹುದು, ಅದರಲ್ಲಿ ತಪ್ಪಿಲ್ಲ. ಆದರೆ ಅದು ತಾತ್ಕಾಲಿಕ ಊರುಗೋಲೋ, ಕಾಯಂ ಆಸರೆಯೋ ಎಂಬುದು ಅಂದೇ ತೀರ್ಮಾನವಾಗುವ ಸಂಗತಿಯಲ್ಲ. ಚೇತರಿಕೆಯ ಸೂಚನೆ ಕಂಡಾಗ ವೈದ್ಯರು ಡೋಸ್ ತಗ್ಗಿಸಿ ಅಥವಾ ನಿಲ್ಲಿಸಿ, ಆರರಿಂದ ಎಂಟು ವಾರ ಬಿಟ್ಟು ಮತ್ತೆ ಟಿಎಸ್‌ಎಚ್ ನೋಡುತ್ತಾರೆ. ರೋಗಿ ಮರಳಿ ಹೋಗದಿದ್ದರೆ ಈ ಪ್ರಯತ್ನವೇ ನಡೆಯುವುದಿಲ್ಲ. ಕೆಲಸದ ನಿಮಿತ್ತ ಪುಣೆಯಿಂದ ಹೈದರಾಬಾದಿಗೆ, ಅಲ್ಲಿಂದ ದೆಹಲಿಗೆ ಮನೆ ಬದಲಿಸುವವರಲ್ಲಿ ಇದು ಸುಲಭವಾಗಿ ಕೈತಪ್ಪುತ್ತದೆ. ಹೊಸ ಊರಿನ ಡಾಕ್ಟರಿಗೆ ಹಳೆಯ ಜ್ವರದ ಕಥೆ ಗೊತ್ತಿರುವುದಿಲ್ಲ, "ಥೈರಾಯ್ಡ್ ಇದೆ" ಎಂಬ ಒಂದು ಮಾತು ಮಾತ್ರ ಗೊತ್ತಿರುತ್ತದೆ. ಮೊದಲ ರಿಪೋರ್ಟ್, ಮಾತ್ರೆ ಶುರುವಾದ ದಿನ, ಅದಕ್ಕೂ ಮುಂಚೆ ಬಂದ ಜ್ವರದ ವಿವರ, ಇವಿಷ್ಟನ್ನು ಫೋನಿನಲ್ಲಾದರೂ ಫೋಟೋ ತೆಗೆದು ಇಟ್ಟುಕೊಳ್ಳಿ.

ಮೊದಲೇ ಇದ್ದದ್ದು ಈಗ ಗೊತ್ತಾಗಿರಬಹುದು

ಇನ್ನೊಂದು ಸಾಧ್ಯತೆಯೂ ಇದೆ. ನಮ್ಮ ನಗರಗಳಲ್ಲಿ ಹೈಪೋಥೈರಾಯ್ಡ್ ಎಷ್ಟು ಸಾಮಾನ್ಯ ಎಂದರೆ, ಜ್ವರದ ನೆಪದಲ್ಲಿ ಅದು ಪತ್ತೆಯಾಗುವುದು ಆಶ್ಚರ್ಯವಲ್ಲ. ಬೆಂಗಳೂರು, ಮುಂಬೈ, ಚೆನ್ನೈ, ಹೈದರಾಬಾದ್, ದೆಹಲಿ, ಕೋಲ್ಕತಾ, ಅಹಮದಾಬಾದ್ ಮತ್ತು ಗೋವಾಗಳಲ್ಲಿ 5,376 ವಯಸ್ಕರ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಶೇ 10.95ರಷ್ಟು ಜನರಿಗೆ ಹೈಪೋಥೈರಾಯ್ಡ್ ಇತ್ತು. ಅವರಲ್ಲಿ ಸುಮಾರು ಮೂರನೇ ಒಂದು ಭಾಗ ಜನರಿಗೆ ಪರೀಕ್ಷೆ ಮಾಡುವವರೆಗೆ ಅದು ತಿಳಿದೇ ಇರಲಿಲ್ಲ.

ಅಷ್ಟೇ ಅಲ್ಲ, ಥೈರಾಯ್ಡ್ ವಿರುದ್ಧದ ಟಿಪಿಒ ಪ್ರತಿಕಾಯ ಆ ಅಧ್ಯಯನದ ಶೇ 21.85ರಷ್ಟು ಜನರಲ್ಲಿ ಕಂಡುಬಂದಿತ್ತು. ಇಂಥವರಲ್ಲಿ ಗ್ರಂಥಿ ವರ್ಷಗಳಿಂದ ನಿಧಾನವಾಗಿ ಸವೆಯುತ್ತಾ ಬಂದಿರುತ್ತದೆ. ಇದನ್ನು ಹಾಶಿಮೋಟೋ ಥೈರಾಯ್ಡೈಟಿಸ್ ಎನ್ನುತ್ತಾರೆ. ಟಿಎಸ್‌ಎಚ್ ಏರಿಯೇ ಇದ್ದು, ಟಿಪಿಒ ಪ್ರತಿಕಾಯ ಪಾಸಿಟಿವ್ ಇದ್ದು, ಮರುಪರೀಕ್ಷೆಯಲ್ಲೂ ಇಳಿಯದಿದ್ದರೆ ಅದು ಜ್ವರದ ತಾತ್ಕಾಲಿಕ ಪರಿಣಾಮವಾಗಿರುವ ಸಾಧ್ಯತೆ ಕಡಿಮೆ. ಆಗ ಮಾತ್ರೆಗೆ ಹಿಂಜರಿಯಬಾರದು. "ಒಮ್ಮೆ ಶುರು ಮಾಡಿದರೆ ಬಿಡಲಾಗದು" ಎಂಬ ಭಯದಿಂದ ಬೇಕಾದ ಮಾತ್ರೆಯನ್ನು ದೂರವಿಟ್ಟವರಲ್ಲಿ ಕೊಲೆಸ್ಟ್ರಾಲ್ ಏರುವುದು, ಹೃದಯಕ್ಕೆ ತೊಂದರೆಯಾಗುವುದು, ಗರ್ಭ ನಿಲ್ಲದಿರುವುದು ಮುಂತಾದ ಸಮಸ್ಯೆಗಳು ಬರುತ್ತವೆ.

ಎಲ್ಲಾ ಸುಸ್ತೂ ಥೈರಾಯ್ಡ್ ಅಲ್ಲ

ಥೈರಾಯ್ಡ್ ರಿಪೋರ್ಟ್ ನಾರ್ಮಲ್ ಬಂದು, ಸುಸ್ತು ಮಾತ್ರ ಉಳಿದವರು ಬಹಳ. ಅವರಿಗೆ "ಏನೂ ಇಲ್ಲ, ಎಲ್ಲ ಮನಸ್ಸಿನದು" ಎಂಬ ಮಾತು ಕೇಳಿ ಸಾಕಾಗಿರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2021ರ ಅಕ್ಟೋಬರ್‌ನಲ್ಲಿ ದೀರ್ಘ ಕೋವಿಡ್‌ಗೆ ಒಂದು ವ್ಯಾಖ್ಯೆ ಕೊಟ್ಟಿತು. ಸಾಮಾನ್ಯವಾಗಿ ಸೋಂಕಿನ ಮೂರು ತಿಂಗಳ ನಂತರವೂ ಇರುವ, ಕನಿಷ್ಠ ಎರಡು ತಿಂಗಳು ಕಾಡುವ ಮತ್ತು ಬೇರೆ ಯಾವ ಕಾಯಿಲೆಯಿಂದಲೂ ವಿವರಿಸಲಾಗದ ಲಕ್ಷಣಗಳು ಎಂಬುದು ಅದರ ಸಾರ. ಕೊನೆಯ ಮಾತು ಮುಖ್ಯ. ಬೇರೆ ಕಾಯಿಲೆ ಇಲ್ಲವೆಂದು ನೋಡಿದ ಮೇಲಷ್ಟೇ ಆ ಹೆಸರು ಅಂಟಿಸಬೇಕು. ಥೈರಾಯ್ಡ್ ಆ ಪಟ್ಟಿಯಲ್ಲಿ ಒಂದು, ಅದೊಂದೇ ಅಲ್ಲ.

ನಮ್ಮ ದೇಶದಲ್ಲಿ ಈ ಪಟ್ಟಿಯಲ್ಲಿ ರಕ್ತಹೀನತೆ, ಬಿ12 ಮತ್ತು ವಿಟಮಿನ್ ಡಿ ಕೊರತೆ, ಸಕ್ಕರೆ ಕಾಯಿಲೆಗಳು ಇರಲೇಬೇಕು. ತೂಕ ಇಳಿಯುತ್ತಾ, ಸಂಜೆಯ ಹೊತ್ತು ಸಣ್ಣ ಜ್ವರ ಬರುತ್ತಿದ್ದರೆ ಕ್ಷಯದ ಪರೀಕ್ಷೆ ಆಗಲೇಬೇಕು. ಗಂಟುಗಂಟು ನೋವು ತಿಂಗಳುಗಟ್ಟಲೆ ಇದ್ದರೆ ಚಿಕುನ್‌ಗುನ್ಯಾ ಬಂದಿತ್ತೇ ಎಂದು ನೆನಪಿಸಿಕೊಳ್ಳಿ. ವಾಸನೆ ತಿಳಿಯದಿರುವುದು ಥೈರಾಯ್ಡಿಗಿಂತ ಹೆಚ್ಚಾಗಿ ಕೋವಿಡ್ ಕಡೆಗೆ ಬೊಟ್ಟು ಮಾಡುತ್ತದೆ. ಇವತ್ತು ಸ್ವಲ್ಪ ಹೆಚ್ಚು ಓಡಾಡಿದರೆ ನಾಳೆ, ನಾಡಿದ್ದು ಹಾಸಿಗೆಯಿಂದ ಏಳಲಾಗದಷ್ಟು ನೆಲಕಚ್ಚುವುದು ವೈರಸ್ ನಂತರದ ದೀರ್ಘ ಬಳಲಿಕೆಯ ವಿಶೇಷ ಗುರುತು. ಅಂಥವರಿಗೆ "ವ್ಯಾಯಾಮ ಮಾಡು, ಮೈ ಹಗುರಾಗುತ್ತೆ" ಎಂದು ದಬಾಯಿಸಿದರೆ ಹಾನಿಯೇ ಹೆಚ್ಚು. ತಾಳಿಕೆ ಇರುವಷ್ಟು ಮಾತ್ರ ಕೆಲಸ, ನಡುನಡುವೆ ವಿಶ್ರಾಂತಿ ಬೇಕು.

ಕೂದಲು ಉದುರುವುದರ ಲೆಕ್ಕವೂ ಹೀಗೆಯೇ. ಜೋರು ಜ್ವರ ಬಂದ ಎರಡು ಮೂರು ತಿಂಗಳಿಗೆ ಕೂದಲು ಹಿಡಿಹಿಡಿಯಾಗಿ ಉದುರುವುದು ಸಾಮಾನ್ಯ. ಜ್ವರದ ಒತ್ತಡಕ್ಕೆ ಬೆಳವಣಿಗೆ ನಿಲ್ಲಿಸಿದ ಕೂದಲುಗಳು ಒಟ್ಟಿಗೆ ಉದುರುತ್ತವೆ, ಕೆಲವು ತಿಂಗಳಲ್ಲಿ ಮತ್ತೆ ಬರುತ್ತವೆ. ಇದಕ್ಕೆ ಥೈರಾಯ್ಡ್ ಕಾರಣವಾಗಿರಲೇಬೇಕೆಂದಿಲ್ಲ.

ಶಕ್ತಿಯ ಮಾತ್ರೆಗಳು ಮಾಡುವ ಎಡವಟ್ಟು

ಕೂದಲು ಉದುರಿತೆಂದು ಬಯೋಟಿನ್ ಮಾತ್ರೆ ತೆಗೆದುಕೊಳ್ಳುವವರು ಗಮನಿಸಿ. ಹಲವು ಲ್ಯಾಬುಗಳ ಥೈರಾಯ್ಡ್ ಪರೀಕ್ಷೆಯ ವಿಧಾನದಲ್ಲಿ ಬಯೋಟಿನ್ ಅಡ್ಡ ಬರುತ್ತದೆ. ಟಿಎಸ್‌ಎಚ್ ಇರುವುದಕ್ಕಿಂತ ಕಡಿಮೆ, ಟಿ4 ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ. ಗ್ರಂಥಿ ಚೆನ್ನಾಗಿದ್ದರೂ ರಿಪೋರ್ಟ್ ಹೈಪರ್‌ಥೈರಾಯ್ಡ್ ಎನ್ನುತ್ತದೆ. ಪರೀಕ್ಷೆಗೆ ಕನಿಷ್ಠ ಎರಡು ದಿನ ಮೊದಲು ಬಯೋಟಿನ್ ನಿಲ್ಲಿಸಬೇಕು. ಡೋಸ್ ಹೆಚ್ಚಿದ್ದರೆ ಎಷ್ಟು ದಿನ ನಿಲ್ಲಿಸಬೇಕೆಂದು ವೈದ್ಯರನ್ನು ಕೇಳಿ.

ಮೊದಲಿನಿಂದಲೂ ಥೈರಾಕ್ಸಿನ್ ತೆಗೆದುಕೊಳ್ಳುತ್ತಿರುವವರದ್ದು ಇನ್ನೊಂದು ಬಗೆಯ ಎಡವಟ್ಟು. ಜ್ವರದ ನಂತರ ಶಕ್ತಿಗೆಂದು ಬರೆದುಕೊಟ್ಟ ಐರನ್, ಕ್ಯಾಲ್ಸಿಯಂ ಮಾತ್ರೆಯನ್ನು ಅದರ ಜೊತೆಗೇ ನುಂಗಿದರೆ ಥೈರಾಕ್ಸಿನ್ ಸರಿಯಾಗಿ ಮೈಗೆ ಹತ್ತುವುದಿಲ್ಲ. ಎರಡರ ನಡುವೆ ನಾಲ್ಕು ಗಂಟೆ ಅಂತರವಿರಲಿ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ನೀರಿನೊಂದಿಗೆ ಥೈರಾಕ್ಸಿನ್, ಅರ್ಧದಿಂದ ಒಂದು ಗಂಟೆಯ ನಂತರವೇ ಕಾಫಿ, ತಿಂಡಿ. ಜ್ವರ ಬಂದಿದೆ ಎಂದು ಈ ಮಾತ್ರೆಯನ್ನು ನಿಲ್ಲಿಸುವ ಅಗತ್ಯವಿಲ್ಲ.

ಅಯೋಡಿನ್ ಟಾನಿಕ್, ಸಮುದ್ರಪಾಚಿಯ ಕ್ಯಾಪ್ಸೂಲ್‌ಗಳಿಂದಲೂ ದೂರವಿರಿ. ಅಡುಗೆಗೆ ಅಯೋಡಿನ್ ಉಪ್ಪು ಬಳಸುವ ಮನೆಯಲ್ಲಿ ಸಾಮಾನ್ಯವಾಗಿ ಅದರ ಕೊರತೆ ಇರುವುದಿಲ್ಲ. ಅತಿಯಾದ ಅಯೋಡಿನ್‌ನಿಂದಲೇ ಥೈರಾಯ್ಡ್ ಕೆಡಬಹುದು. ಎಲೆಕೋಸು, ಹೂಕೋಸು ಬೇಯಿಸಿ ಪಲ್ಯ, ಸಾರು ಮಾಡಿ ತಿಂದರೆ ಭಯವಿಲ್ಲ.

ಹಾಗಾದರೆ ಏನು ಮಾಡಬೇಕು?

* ಜ್ವರ ಬಿಟ್ಟ ಮೊದಲ ಕೆಲ ವಾರಗಳ ಸುಸ್ತಿಗೆ ವಿಶ್ರಾಂತಿ, ಊಟ, ನಿದ್ರೆ ಸಾಕು. ದಿನದಿಂದ ದಿನಕ್ಕೆ ಚೂರಾದರೂ ಚೇತರಿಕೆ ಕಾಣುತ್ತಿದ್ದರೆ ಗಾಬರಿ ಬೇಡ.
* ಆರು ವಾರ ಕಳೆದರೂ ಸುಸ್ತು ಹಾಗೆಯೇ ಇದ್ದರೆ ಟಿಎಸ್‌ಎಚ್ ಮತ್ತು ಫ್ರೀ ಟಿ4 ಎರಡನ್ನೂ ಮಾಡಿಸಿ. ಜೊತೆಗೆ ಹಿಮೋಗ್ಲೋಬಿನ್, ಶುಗರ್, ಬಿ12 ಬಗ್ಗೆ ವೈದ್ಯರನ್ನು ಕೇಳಿ.
* ಅಂಕಿಯಲ್ಲಿ ಏರುಪೇರು ಸ್ವಲ್ಪವೇ ಇದ್ದರೆ, ಆರರಿಂದ ಎಂಟು ವಾರ ಬಿಟ್ಟು ಸಾಧ್ಯವಾದಷ್ಟು ಅದೇ ಲ್ಯಾಬಿನಲ್ಲಿ ಮತ್ತೆ ಮಾಡಿಸಿ. ಟಿ4 ಅರ್ಧದಷ್ಟು ಕರಗಲು ಸುಮಾರು ಒಂದು ವಾರ ಬೇಕು, ಹಾಗಾಗಿ ವಾರ ವಾರ ಪರೀಕ್ಷೆ ಮಾಡಿಸಿ ಲಾಭವಿಲ್ಲ.
* ಬೆಳಿಗ್ಗೆ ಏಳುವ ಮುನ್ನ ನಾಡಿಬಡಿತ ಎಣಿಸಿ, ವಾರಕ್ಕೊಮ್ಮೆ ತೂಕ ನೋಡಿ ಬರೆದಿಡಿ. ವೈದ್ಯರಿಗೆ ಇದು ಬಹಳ ಉಪಯುಕ್ತ.
* ಗರ್ಭಿಣಿಯರು ಮತ್ತು ಗರ್ಭಕ್ಕಾಗಿ ಪ್ರಯತ್ನಿಸುತ್ತಿರುವವರು ಕಾಯುವುದು ಬೇಡ, ಮೊದಲ ಅನುಮಾನಕ್ಕೇ ವೈದ್ಯರನ್ನು ಕಾಣಿ. ಅವರ ಟಿಎಸ್‌ಎಚ್ ಮಿತಿಯೇ ಬೇರೆ.
* ಡೆಂಗಿ ಅನುಮಾನವಿರುವ ಜ್ವರದಲ್ಲಿ ಐಬುಪ್ರೊಫೆನ್, ಆಸ್ಪಿರಿನ್‌ನಂಥ ನೋವಿನ ಮಾತ್ರೆಗಳನ್ನು ಸ್ವಂತ ತೀರ್ಮಾನದಿಂದ ತೆಗೆದುಕೊಳ್ಳಬೇಡಿ, ರಕ್ತಸ್ರಾವದ ಅಪಾಯವಿದೆ.

ಇವು ಕಂಡರೆ ಅದೇ ದಿನ ಆಸ್ಪತ್ರೆಗೆ

ಸುಮ್ಮನೆ ಕುಳಿತಿದ್ದರೂ ನಾಡಿ ನಿಮಿಷಕ್ಕೆ 120 ದಾಟುವುದು, ಬಡಿತ ತಾಳ ತಪ್ಪುವುದು, ಎದೆನೋವು, ಉಸಿರಾಟದ ತೊಂದರೆ, ಗೊಂದಲದ ಮಾತು, ವಿಪರೀತ ಮಂಪರು ಇದ್ದರೆ ಮರುದಿನದ ಅಪಾಯಿಂಟ್‌ಮೆಂಟಿಗೆ ಕಾಯಬಾರದು. ಕುತ್ತಿಗೆಯ ಊತ ವೇಗವಾಗಿ ದೊಡ್ಡದಾಗಿ ನುಂಗಲು ಕಷ್ಟವಾದರೂ ಅಷ್ಟೇ.

ಕಾರ್ಬಿಮಝೋಲ್ ಅಥವಾ ಮೆಥಿಮಝೋಲ್ ತೆಗೆದುಕೊಳ್ಳುತ್ತಿರುವವರಿಗೆ ಇನ್ನೊಂದು ಎಚ್ಚರಿಕೆ ಇದೆ. ಜ್ವರ, ಗಂಟಲುನೋವು ಬಂದರೆ ಅದನ್ನು ಮಾಮೂಲಿ ವೈರಲ್ ಎಂದುಕೊಳ್ಳಬೇಡಿ. ಅಪರೂಪಕ್ಕೆ ಈ ಮಾತ್ರೆಗಳಿಂದ ರಕ್ತದ ಬಿಳಿಕಣಗಳು ಅಪಾಯದ ಮಟ್ಟಕ್ಕೆ ಕುಸಿಯುತ್ತವೆ. ಮಾತ್ರೆ ನಿಲ್ಲಿಸಿ, ಅದೇ ದಿನ ವೈದ್ಯರನ್ನು ಕಂಡು ಬಿಳಿಕಣಗಳ ಎಣಿಕೆ ಮಾಡಿಸಬೇಕು.

ಮುಂದಿನ ಸಲ ಥೈರಾಯ್ಡ್ ರಿಪೋರ್ಟ್ ಹಿಡಿದು ವೈದ್ಯರ ಮುಂದೆ ಕುಳಿತಾಗ, ಇತ್ತೀಚೆಗೆ ಜ್ವರ ಬಂದಿತ್ತು ಎಂಬುದನ್ನು ಮರೆಯದೆ ಹೇಳಿ. ಆಮೇಲೆ ಮೂರು ಪ್ರಶ್ನೆ ಕೇಳಿ. ಇದು ತಾತ್ಕಾಲಿಕವಾಗಿರಬಹುದೇ? ಮತ್ತೆ ಯಾವಾಗ ಪರೀಕ್ಷೆ ಮಾಡಿಸಬೇಕು? ಈ ಮಾತ್ರೆಯನ್ನು ಎಂದು ನಿಲ್ಲಿಸಿ ನೋಡಬಹುದು? ಉತ್ತರಗಳನ್ನು ಅದೇ ರಿಪೋರ್ಟಿನ ಹಿಂಬದಿಯಲ್ಲಿ ತಾರೀಖು ಹಾಕಿ ಬರೆದಿಟ್ಟುಕೊಳ್ಳಿ.